ಎದಿಮಟ ಕೆಮ್ಮಣ್ಣು

ನಾನು ಮದುವಿಯಾಗಿ ಕಿನ್ನಾಳದಿಂದ ಗಂಗಾವತಿಗೆ ಬಂದಾಗ ಗಂಡಗಿಂತ ಮೊದಲ ನನ್ನ ಮನಸಿಗೆ ಹಿಡಿಸಿದ್ದು ಅವರ ಮನಿ ಗ್ವಾಡಿ. ನಗಬ್ಯಾಡ್ರಿ, ಖರೇನ ಹೇಳಾಕತ್ತೀನಿ. ಗಂಡನ ಮಾರಿ ಎತ್ತಿ ನೋಡೋ ಧೈರ್ಯ ಆಗ ಯಾರಿಗಿತ್ತು? ತಲಿ ಬಗ್ಗಿಸಿ ಕುಂತಾಕಿಗೆ ಕಾಣೋದು ನೆಲ, ನೆಲ ಬಿಟ್ರ ಗ್ವಾಡಿ. ನಮ್ಮ ತವರಮನ್ಯಾಗ ಗ್ವಾಡಿ ಬುಡಕ್ಕ ಒಂದ್ ಗೇಣು ಕೆಮ್ಮಣ್ಣು ಬಳದ್ರ ಮುಗೀತು, ಅದರ ಮ್ಯಾಲ ಸುಣ್ಣ. ಇಲ್ಲಿ ನೋಡಿದ್ರ ಎದಿಮಟ ಕೆಂಪು! ಪಡಸಾಲಿ, ಅಡಗಿಮನಿ, ದೇವರ ಖೋಲಿ, ಎಲ್ಲಾ ಕಡೆ ಒಂದ ಸಮ, ದಾರ ಹಿಡಿದು ಬಳದಂಗ. ನಮ್ಮವ್ವ ಅದನ್ನ ಅಂಗೈಯಿಂದ ಸವರಿ, "ಎಷ್ಟ ಛಂದ ಬಳದಾರವಾ! ಇವ್ರ ಕೈ ಭಾಳ ಧಾರಾಳ ಐತಿ, ನನ್ನ ಮಗಳು ಸುಖವಾಗಿರ್ತಾಳ," ಅಂದ್ಲು. ನಾನೂ ಹಂಗ ತಿಳಕೊಂಡೆ. ದೊಡ್ಡ ಊರು, ಶೋಕಿ ಮಂದಿ. ನಮ್ಮೂರಾಗ ಕಟಗಿ ಗೊಂಬಿಗೆ ಬಳಿಯೋ ಬಣ್ಣಾನ ಇವ್ರು ಗ್ವಾಡಿಗೆ ಬಳೀತಾರ ಅಂತ ಅಂದ್ಕೊಂಡೆ.

ಇನ್ನೊಂದು ವಿಚಿತ್ರ ಇತ್ತು. ಪಡಸಾಲಿ ತೊಲಿಗೆ ಒಂದ ಖಾಲಿ ತೊಟ್ಟಲಾ ಕಟ್ಟಿದ್ರು. ಅದೂ ಎಲ್ಲಿ? ನನ್ನ ನೆತ್ತಿ ಮಟ. ಕೂಸಿನ್ನ ಅದರಾಗ ಹಾಕಬೇಕಂದ್ರ ಒಳ್ಳು ಡಬ್ಬ ಹಾಕಿ ಅದರ ಮ್ಯಾಲ ನಿಂದ್ರಬೇಕು. "ಇಷ್ಟ ಎತ್ತರ ಯಾಕ್ರಿ ಅತ್ತಿ?" ಅಂತ ಕೇಳಿದೆ.

"ಇಲಿ ಕಾಟ," ಅಂದ್ಲು ನಮ್ಮತ್ತಿ, ಕಣ್ಣ ಮಿಟುಕಿಸದಂಗ.

ನಮ್ಮತ್ತಿ ಅಂದ್ರ ಹೆಂಗಂತೀರಿ? ಗಿಡ್ಡ ಆಳು, ಗಂಟಲ ಮಾತ್ರ ಸಂತಿ ತುಂಬಾ ಕೇಳ್ತಿತ್ತು. ನಮ್ಮ ಮಾವ ಹೊಲಾ, ಎಮ್ಮಿ ಅಂದ್ಕೊಂಡು ಬಾಯಿ ಬಿಡದ ಮನಷ್ಯಾ. ಮನಿ ಮಾತೆಲ್ಲಾ ಅತ್ತೀದ. ನನ್ನ ಕನ್ಯಾ ನೋಡಾಕ ಬಂದಾಗ ನಮ್ಮಪ್ಪ ಒಂದ ಮಾತು ಕೇಳಿದ್ದ: "ನಿಮ್ಮನಿ ಹಳ್ಳದ ಸನೇಕ ಐತೆಂತಲ್ರಿ?" ಅದಕ್ಕ ಅತ್ತಿ, "ಹಳ್ಳ ಐತ್ರಿ, ಅದರ ಪಾಡಿಗೆ ಅದು. ನಮ್ಮ ಓಣಿಗೆ ನೀರ್ ಬರಂಗಿಲ್ಲರಿ," ಅಂದಿದ್ಲು. ನಮ್ಮಪ್ಪ ಸುಡು ಬ್ಯಾಸಿಗ್ಯಾಗ ಬಂದು ಹಳ್ಳಾನೂ ನೋಡಿ ಹೋದ. ಬಿಳೀ ಉಸುಕು, ನಡುವ ಒಂದ ಕತ್ತಿ ಕಾಲ ಚಾಚಿ ಮಲಗಿತ್ತು. ಕತ್ತಿ ಮಲಗಿದ ಹಳ್ಳಕ್ಕ ಯಾರ ಹೆದರತಾರ? ಸಾವಿರ ಸುಳ್ಳು ಹೇಳಿ ಒಂದ ಮದುವಿ ಮಾಡು ಅಂತಾರಲ್ಲ, ನಮ್ಮ ಮದುವಿಗೆ ಒಂದ ಸುಳ್ಳು ಸಾಕಾತು.

ಮೊದಲನೇ ಮಳಿಗಾಲದಾಗ ಅದರ ಬಂಡವಾಳ ತಿಳೀತು. ಮಧ್ಯಾಹ್ನದ ಹೊತ್ತು, ನಮ್ಮಲ್ಲಿ ಹನಿ ಮಳಿ ಇಲ್ಲ, ಬಡಗಲ ದಿಕ್ಕಿಗೆ ಮಾತ್ರ ಕರ್‍ರಗ ಮುಚ್ಚಿತ್ತು. ನಾನು ಜ್ವಾಳ ಹಸನ ಮಾಡಾಕತ್ತಿದ್ದೆ. ಅತ್ತಿ ಒಮ್ಮೆ ಕಿವಿಗೊಟ್ಟು ಕೇಳಿ, "ಬಂತು," ಅಂದು ಎದ್ಲು. ಅಷ್ಟ. ಯಾರೂ ಒದರಲಿಲ್ಲ, ಓಡಲಿಲ್ಲ. ಮಾವ ಎಮ್ಮಿ ಬಿಚ್ಚಿ ದಿನ್ನಿ ಕಡೆ ಹೊಡಕೊಂಡು ಹೋದ. ನಮ್ಮ ಮನಿಯವ್ರು ಮಾಳಿಗಿಗೆ ನಿಚ್ಚಣಿಕಿ ಹಚ್ಚಿದ್ರು. ಮೈದುನ ಹಿಟ್ಟಿನ ಡಬ್ಬಿ, ಉಪ್ಪಿನ ಗಡಗಿ ಮ್ಯಾಲ ದಾಟಿಸಿದ. ಅತ್ತಿ ದೇವರನ್ನ ಸೆರಗಿನ್ಯಾಗ ಕಟಗೊಂಡು, ರೊಟ್ಟಿ ಬುಟ್ಟಿ ತಲಿ ಮ್ಯಾಲ ಇಟಗೊಂಡು ಹತ್ತಿದ್ಲು. ನನ್ನ ಕೈಯಾಗ ಹಾಸಿಗಿ ಸುರಳಿ ಕೊಟ್ರು. ಜಾತ್ರಿಗೆ ಹೊಂಟವ್ರಂಗ ಎಲ್ಲಾರಿಗೂ ತಮ್ಮ ತಮ್ಮ ಕೆಲಸ ಗೊತ್ತಿತ್ತು, ನಾನೊಬ್ಬಾಕಿ ಬಾಯಿ ತಕ್ಕೊಂಡು ನಿಂತಿದ್ದೆ.

ಮಾಳಿಗಿ ಮ್ಯಾಲ ಹತ್ತಿ ನೋಡಿದ್ರ ಇಡೀ ಓಣಿನ ಮಾಳಿಗಿ ಮ್ಯಾಲ ಐತಿ! "ಅಕ್ಕಾ, ನಿಂದು ಚಟ್ನಿ ತಂದೀಯೇನ?" ಅಂತ ಒಬ್ಬಾಕಿ ಕೇಳಿದ್ರ, "ತಂದೀನಿ, ಎಣ್ಣಿ ಮರತೆ," ಅಂತ ಇನ್ನೊಬ್ಬಾಕಿ. ನಾನು ಬೆಳಕಿಂಡಿಯಿಂದ ಬಗ್ಗಿ ನಮ್ಮ ಪಡಸಾಲಿ ನೋಡಿದೆ. ನೀರು ಏರಿ ಏರಿ ಕೆಮ್ಮಣ್ಣಿನ ಅಂಚಿಗೆ ಬಂದು ನಿಂತ್ವು, ಹೇಳಿ ಕಳಿಸಿದಂಗ. ಆವಾಗ ನನಗ ಹೊಳೀತು. ಇದು ಶೋಕಿ ಅಲ್ಲ, ನೀರಿನ ಕಲಿ. ಎಲ್ಲಿತನಕಾ ಕಲಿ ಬೀಳತೈತೋ ಅಲ್ಲಿತನಕಾ ಕೆಂಪು ಬಳದು ಮುಚ್ಚತಾರ.

"ನೀರ್ ಬರಂಗಿಲ್ಲ ಅಂದಿದ್ರೆಲ್ರಿ ಅತ್ತಿ?" ಅಂದೆ.

"ಬಂದಾವೇನು? ಹಾದು ಹೊಂಟಾವ. ನಾಳೆ ಇರಂಗಿಲ್ಲ," ಅಂದು ಅತ್ತಿ ನನಗೊಂದು ರೊಟ್ಟಿ ಕೊಟ್ಲು.

ಇಂಥಾ ಬಾಯಿಗೆ ಏನ ಹೇಳಬೇಕು? ರೊಟ್ಟಿ ತಿಂದೆ.

ನೀರು ಇಳಿದ ಮರುದಿನ ಓಣಿ ಹೆಣಮಕ್ಕಳೆಲ್ಲಾ ಸೀರಿ ಮ್ಯಾಲ ಕಟ್ಟಿ ಕೆಸರು ಬಳದು ಹಾಕಿದ್ರು, ಕೆಮ್ಮಣ್ಣು ಕಲಿಸಿದ್ರು. ಸಂತಿ ಬರೋದ್ರೊಳಗ ಬಳದು ಮುಗಸಬೇಕು, ಹೊರಗಿನ ಊರವ್ರ ಕಣ್ಣಿಗೆ ಕಲಿ ಬೀಳಬಾರದು. ಅದು ಓಣಿ ಕಟ್ಟಳಿ. ಯಾಕಂದ್ರ ಪ್ರತಿ ಮನ್ಯಾಗ ಒಬ್ಬ ಮದುವಿ ವಯಸ್ಸಿನ ಮಗ ಇದ್ದ, ಮಗ ಇಲ್ಲದಲ್ಲಿ ಮೊಮ್ಮಗ ಇದ್ದ. ನೀರ್ ಹೊಕ್ಕ ಮನಿಗೆ ಹೆಣ್ಣ ಯಾರ ಕೊಡತಾರ? ನೆಲದಾಗ ತೋಡಿ ಜ್ವಾಳ ತುಂಬೋ ಹಗೇವಿಗೆ ನೀರು ಹೊಕ್ಕು ಕಾಳು ಮುಗ್ಗತಾವಂತ ನಮ್ಮ ಓಣಿಯವ್ರು ಹಗೇವನ್ನೂ ಊರ ಹೊರಗ ದಿನ್ನಿ ಮ್ಯಾಲ ತೋಡಿದ್ರು. ಕೇಳಿದ್ರ, "ಅಲ್ಲಿ ಮಣ್ಣ ಛಲೋ ಐತಿ," ಅನ್ನೋರು. ನಾನೂ ಅವತ್ತ ಎದಿಮಟ ಕೆಮ್ಮಣ್ಣು ಬಳದೆ. ಆದ್ರ ಸುಮ್ಮನ ಬಳೀಲಿಲ್ಲ, ಬೈಕೋತ ಬಳದೆ.

ಮುಂದಿನ ವರ್ಷ ಬಾಣಂತನಕ್ಕ ಕಿನ್ನಾಳಕ್ಕ ಹೋದೆ. ಹೆಣ್ಣುಕೂಸು ಆತು. ನಮ್ಮಪ್ಪ ತೊಟ್ಟಲಕ್ಕ ಕಟ್ಟಾಕ ಕಟಗಿ ಗಿಳಿ ಒಂದು ಮಾಡಿಸಿ ಕೊಟ್ಟ, ಹಸರು ಮೈ, ಕೆಂಪು ಚುಂಚು. ಆ ಮಳಿಗಾಲದಾಗ ಗಂಗಾವತ್ಯಾಗ ಹಳ್ಳ ಎಂದೂ ಇಲ್ಲದಂಗ ಆಚಿ ದಂಡಿಗೆ ಹೊಳ್ಳಿ ಅಲ್ಲಿನ ಅರಿವಿ ಅಂಗಡಿ ಸಾಲಿಗೆ ನುಗ್ಗಿತ್ತಂತ. ಅರಿವಿ ಗಂಟು ತೇಲಿಕೊಂಡು ಹೋಗೋದನ್ನ ಊರಿಗೆ ಊರ ನಿಂತು ನೋಡಿತ್ತಂತ. ಬಡವರ ಜ್ವಾಳ ತೋಯ್ದಾಗ ಏಳದ ಬಲ್ದಿಯಾ ಸಾಹುಕಾರ್ರ ಅರಿವಿ ತೋಯ್ದಾಗ ಎದ್ದು ಕುಂತಿತು. ಬಲ್ದಿಯಾ ಅಂದ್ರ ನಿಜಾಮ ಸರಕಾರದ ಕಾಲದಾಗ ನಮ್ಮ ಊರಿನ ಕಮಿಟಿ: ಗುಡಿಸೋದು, ಕಂದೀಲ ಹಚ್ಚೋದು, ನಾಕಾದಾಗ ಬಂಡಿಗೆ ಸುಂಕ ಎತ್ತೋದು. ತಹಸೀಲ್ದಾರ ಸಾಹೇಬ್ರು ಅದರ ಮುಂದಾಳು, ನಾಕು ಮಂದಿ ಸಾಹುಕಾರ್ರು ಮೆಂಬರು.

ಹಳ್ಳದ ದಂಡಿಗೆ ಒಡ್ಡು ಹಾಕಬೇಕು ಅಂತ ಠರಾವು ಆತು. ರೊಕ್ಕಾ ಎಲ್ಲಿಂದ? ಸರಕಾರ ಒಂದ ಪಾಲು ಕೊಡತೈತಿ, ನಾಕಾ ಸುಂಕದಾಗ ಒಂದ ಪಾಲು ತಗೀತಾರ, ಉಳಿದದ್ದನ್ನ ನೀರ್ ಹೊಕ್ಕ ಮನಿಯವ್ರು ವಂತಿಗಿ ಪಟ್ಟಿ ಕೊಡಬೇಕು. ಯಾರಿಗೆ ಉಪಯೋಗ ಐತೋ ಅವರ ಕೊಡಬೇಕು ಅನ್ನೋ ನ್ಯಾಯ, ಸರಕಾರದ ಮಾತಿನ್ಯಾಗ ಇನ್ಸಾಫು. ಕೇಳಾಕ ಛಲೋನ ಐತಿ. ಆದ್ರ ಹಂಗ ಅಂತ ಡಂಗುರ ಸಾರಿದ್ದ ತಡ, ಊರಿಗೆ ಊರ ಒಣಗಿ ಹೋತು ನೋಡ್ರಿ! ಯಾರ ಮನಿಗೂ ನೀರ್ ಬಂದಿಲ್ಲ. ಬಂದಿದ್ರ ಪಕ್ಕದ ಓಣಿಗೆ. ಪಕ್ಕದ ಓಣ್ಯಾಗ ಕೇಳಿದ್ರ ಅದರ ಪಕ್ಕದ್ದಕ್ಕ. ಅರಿವಿ ಅಂಗಡಿಯವ್ರು ಮಾತ್ರ ಇಲ್ಲ ಅನ್ನೋಹಂಗಿರಲಿಲ್ಲ, ಅವರ ಗಂಟು ತೇಲಿದ್ದನ್ನ ಎಲ್ಲಾರೂ ಕಂಡಿದ್ರಲ್ಲ.

ನಾನು ಕೂಸು ತಗೊಂಡು ವಾಪಸ ಬಂದ ಹೊಸತರಾಗ ಒಡ್ಡಿನ ಅಳತಿ ಮಾಡೋ ಓವರ್ಸೇರ ನಮ್ಮ ಓಣಿಗೆ ಬಂದ. ತೆಲುಗು ಸೀಮಿಯವ, ಬಿಳೀ ಕೋಟು, ತಲಿಗೆ ಟೋಪಿ, ಹಿಂದ ಸರಪಳಿ ಹಿಡಿದ ಜವಾನ. ನಮ್ಮ ಮನಿ ಒಳಗ ಬಂದು, "ಅಮ್ಮಾ, ನೀರು ಲೋಪಲಿಕಿ, ಒಳಗ, ಬರ್ತದಾ?" ಅಂದ.

"ಶಿವ ಶಿವಾ! ಒಂದ್ ಹನಿ ಇಲ್ರಿ. ನಮ್ಮ ಓಣಿಗೆ ನೀರ್ ಬರಂಗಿಲ್ಲರಿ," ಅಂದ್ಲು ಅತ್ತಿ.

ಮತ್ತ ಮಜ್ಜಿಗಿ ಕೊಟ್ಲು. ಆತ ಗ್ವಾಡಿಗೆ ಒರಗಿ ನಿಂತು ಕುಡದ. ಹೋಗುವಾಗ ಅವನ ಬಿಳೀ ಕೋಟಿನ ಬೆನ್ನ ತುಂಬ ಕೆಂಪು ಹತ್ತಿತ್ತು. ಅತ್ತಿ ನೋಡಿದ್ಲು, ನಾನು ನೋಡಿದೆ.

ಅತ್ತಿ ಹಂಗ ಹೇಳಿದ್ದು ಪಟ್ಟಿ ಉಳಿಸಾಕಲ್ಲ, ಅದನ್ನ ನಾನು ಆಣಿ ಮಾಡಿ ಹೇಳತೀನಿ. ಮೈದುನಗ ಯಲಬುರ್ಗಿ ಕಡೆ ಒಂದ ಹೆಣ್ಣು ನೋಡಿದ್ರು. ಹುಡುಗಿ ಅವ್ವ ಅಪ್ಪ ಮುಂದಿನ ಸಂತಿ ದಿನ ಮನಿ ನೋಡಾಕ ಬರೋರಿದ್ರು. ಅವ್ರು ಎರಿ ಭೂಮಿಯವ್ರು, ನೀರಂದ್ರ ಬಾವ್ಯಾಗ ನೋಡಿ ಗೊತ್ತೇ ಹೊರತು ಮನ್ಯಾಗ ನೋಡಿ ಗೊತ್ತಿಲ್ಲ. "ಇಲ್ಲಿ ನೀರ್ ಹೊಗತಾವ ಅಂತ ಒಂದ ಮಾತು ಹೊರಗ ಬಿದ್ರ ಆ ಹುಡುಗ ಹಂಗ ಉಳೀತಾನ," ಅಂತಿದ್ಲು ಅತ್ತಿ.

ಆ ವಾರದಾಗ ಒಂದ ದಿನ ನಮ್ಮ ಮನಿಯವ್ರು ಉಣ್ಣಾಕ ಕುಂತಾಗ ಸುದ್ದಿ ಹೇಳಿದ್ರು. ಅವ್ರು ಅಡತಿ ಅಂಗಡ್ಯಾಗ ತೂಕಾ ಮಾಡೋ ಕೆಲಸ ಮಾಡತಿದ್ರು, ಅಂಗಡಿ ಮಾಲಕ ಬಲ್ದಿಯಾ ಮೆಂಬರ. "ಒಡ್ಡು ಆಚಿ ದಂಡಿಗೆ ಅಷ್ಟ ಬೀಳತೈತಂತ. ಈಚಿ ದಂಡಿಗೆ ನೀರ ಬರಂಗಿಲ್ಲಂತ ಬರಕೊಂಡಾರ," ಅಂದ್ರು.

"ಆಚಿ ಕಡೆ ಕಟ್ಟಿದ್ರ ಆ ನೀರು ಎಲ್ಲಿಗೆ ಹೋಗ್ತಾವ್ರಿ?" ಅಂದೆ.

ಅವ್ರು ರೊಟ್ಟಿ ಮುರಕೋತ ಕುಂತ್ರು, ಬಾಯಿಗೆ ಹಾಕಲಿಲ್ಲ. "ಇಲ್ಲಿಗೆ," ಅಂದ್ರು.

"ಎಷ್ಟ ಮಟ?"

ಅವ್ರು ತಲಿ ಎತ್ತಿ ತೊಟ್ಟಲಾ ನೋಡಿದ್ರು. ಕೂಸು ಅದರಾಗ ಮಲಗಿತ್ತು, ಕಟಗಿ ಗಿಳಿ ಮೆಲ್ಲಗ ತಿರಗತಿತ್ತು. ಮಂದಿ ಮನ್ಯಾಗಿದ್ದಾಗ ಹಳ್ಳ ಬಂದ್ರ ಮಾಳಿಗಿ ಹತ್ತಬಹುದು. ಎಲ್ಲಾರೂ ಹೊಲಕ್ಕ ಹೋಗಿ ಮನ್ಯಾಗ ಅತ್ತಿ ಒಬ್ಬಾಕಿ ಇದ್ದಾಗ ಬಂದ್ರ? ನೆತ್ತಿ ಮಟದ ತೊಟ್ಟಲಕ್ಕೂ ನೀರು ಮುಟ್ಟಿದ್ರ?

ಸಂತಿ ದಿನ ಚಾವಡ್ಯಾಗ ಸಭಾ ಕೂಡತೈತಿ, ಒಡ್ಡಿನ ನಕಾಶಿ ಓದಿ ಹೇಳತಾರ, ತಕರಾರು ಇದ್ದವ್ರು ಅವತ್ತ ಹೇಳಬೇಕು, ಆಮ್ಯಾಲ ಕಾಗದ ರಾಯಚೂರಿಗೆ ಹೋದ್ರ ಬ್ರಹ್ಮ ಬಂದ್ರೂ ತಿದ್ದಂಗಿಲ್ಲ ಅಂತ ನಮ್ಮ ಮನಿಯವ್ರು ಹೇಳಿದ್ರು. "ಹಂಗಾರ ನೀವು ಹೋಗಿ ಹೇಳ್ರಿ," ಅಂದೆ. ಅವ್ರು ಅವ್ವನ ಮಾರಿ ನೋಡಿದ್ರು. ಗಂಡಸರ ಪರಾಕ್ರಮ ಎಲ್ಲಾ ಹೊರಗ.

ಕಡೀಕ ನಾನ ಬಾಯಿ ಬಿಟ್ಟೆ. "ಅತ್ತಿ, ನಿಮ್ಮ ಮಗನ ಮದುವಿ ದೊಡ್ಡದೋ, ನಿಮ್ಮ ಮೊಮ್ಮಗಳ ಜೀವ ದೊಡ್ಡದೋ?"

"ಎರಡೂ ನನ್ನವ," ಅಂದ್ಲು ಅತ್ತಿ. "ಒಂದನ್ನ ಕೊಂದು ಒಂದನ್ನ ಉಳಿಸು ಅಂತೀಯೇನು? ಇಷ್ಟ ವರ್ಷ ನಾವು ಬದುಕಿಲ್ಲೇನು?"

"ಇಷ್ಟ ವರ್ಷ ಆಚಿ ಕಡೆ ಒಡ್ಡಿರಲಿಲ್ರಿ. ನೀವು ಹೇಳಲಿಲ್ಲಂದ್ರ ನಾನು ಕೂಸು ಕಟಗೊಂಡು ಕಿನ್ನಾಳಕ್ಕ ಹೋಗತೀನಿ. ನಮ್ಮಪ್ಪನ ಮನ್ಯಾಗ ಕೆಮ್ಮಣ್ಣು ಒಂದ್ ಗೇಣ ಐತಿ."

"ಹೋಗು," ಅಂದ್ಲು. ಆಮ್ಯಾಲ ನಾವಿಬ್ಬರೂ ಮಾತಾಡಲಿಲ್ಲ. ಆಕಿ ಹೇಳೋದನ್ನ ಬೆಕ್ಕಿಗೆ ಹೇಳತಿದ್ಲು, ನಾನು ಹೇಳೋದನ್ನ ಕೂಸಿಗೆ ಹೇಳತಿದ್ದೆ. "ಬೆಕ್ಕ, ಉಪ್ಪ ಹೆಚ್ಚಾಗೇತಿ." "ಕೂಸ, ಕಡಿಮಿ ತಿನ್ರಿ ಅಂತ ಹೇಳವಾ." ಈಗ ನೆನೆಸಿದ್ರ ನಗು ಬರ್ತೈತಿ. ಆಗ ನಾನು ಖರೇನ ಅರಿವಿ ಮಡಚಿ ಇಡಾಕ ಹತ್ತಿದ್ದೆ.

ಸಂತಿ ದಿನ ಬಂತು. ಚಾವಡ್ಯಾಗ ಸಭಾ, ನಮ್ಮ ಪಡಸಾಲ್ಯಾಗ ಯಲಬುರ್ಗಿ ಮಂದಿ. ನಾನು ಅರಿವಿ ಗಂಟು ಕಟ್ಟಿ ಅಡಗಿಮನಿ ಬಾಗಲದಾಗ ಇಟ್ಟಿದ್ದೆ. ಬೀಗರು ಹೋಗೋತನಕಾ ಮಾನ ಕಾಯತೀನಿ, ಆಮ್ಯಾಲ ನನ್ನ ಹಾದಿ ನನಗ ಅಂತ. ಹುಡುಗಿ ಅಪ್ಪ ಒಳ್ಳೇ ಮನಷ್ಯಾ, ನಿಧಾನಕ್ಕ ಮಾತಾಡತಿದ್ದ. ಅವ್ವ ಪಡಸಾಲಿ ನೋಡಿದ್ಲು, ತೊಲಿ ನೋಡಿದ್ಲು, ಎದ್ದು ಬಂದು ಗ್ವಾಡಿಗೆ ಅಂಗೈ ಇಟ್ಟು ಸವರಿದ್ಲು.

"ಯವ್ವಾ, ಎಷ್ಟ ಛಂದ ಬಳದಾರ! ಎದಿಮಟ! ನಮ್ಮಲ್ಲಿ ಒಂದ್ ಗೇಣ ಬಳಿಯೂದ್ರಾಗ ಕೈ ಸೋಲತಾವ. ನನ್ನ ಮಗಳು ಪುಣ್ಯಾ ಮಾಡ್ಯಾಳ," ಅಂದ್ಲು.

ಅತ್ತಿ ಅವಲಕ್ಕಿ ತಾಟು ಹಿಡಕೊಂಡು ನಿಂತಿದ್ಲು. ಹುಡುಗಿ ಅಪ್ಪ ಅದ ಹೊತ್ತಿಗೆ, "ಹಳ್ಳ ಭಾಳ ಸನೇಕ ಐತಲ್ರಿ, ಇಲ್ಲಿ ನೀರ್ ಗೀರ್ ಬರ್ತಾವೇನ್ರಿ?" ಅಂತ ಕೇಳಿದ. ಅತ್ತಿ ಬಾಯಿ ತೆರದ್ಲು. ಆ ಮಾತು ಬರತೈತಿ ಅಂತ ನಾನು ಹಲ್ಲ ಕಚ್ಚಿ ನಿಂತೆ. ಬರಲಿಲ್ಲ. ಆಕಿ ಆ ಹೆಣಮಗಳ ಕೈ ನೋಡಾಕತ್ತಿದ್ಲು. ಅಂಗೈ ಕೆಂಪಾಗಿತ್ತು.

"ಬಳದಾಕಿ ನಾನ ತಂಗಿ," ಅಂದ್ಲು ಕಡೀಕ. "ನಿನ್ನ ಕೈ ಎಲ್ಲಿ ಐತೋ ಅಲ್ಲಿತನಕಾ ನೀರ್ ಬರ್ತಾವ. ನನ್ನ ಹಡದವ್ವನೂ ಇದ ಗ್ವಾಡಿ ಸವರಿ ಹಿಂಗ ಅಂದಿದ್ಲು. ಇಕಿ ಅವ್ವನೂ ಅಂದ್ಲು." ಅಂದು ನನ್ನ ಕಡೆ ಕೈ ಮಾಡಿದ್ಲು.

"ಮೊದಲ ಯಾಕ ಹೇಳಲಿಲ್ರಿ?" ಅಂದ ಹುಡುಗಿ ಅಪ್ಪ.

"ಹೇಳಿದ್ರ ಬರ್ತಿದ್ರೇನು?"

ಊರಿಗೆ ಹೋಗಿ ಹೇಳಿ ಕಳಸತೀವಿ ಅಂದ್ರು, ಎದ್ರು. ಅವಲಕ್ಕಿ ಮುಟ್ಟಲಿಲ್ಲ. ಮೈದುನ ಹಿತ್ತಲಕ್ಕ ಹೋಗಿ ಎಮ್ಮಿ ಮಗ್ಗಲಿಗೆ ನಿಂತ. ಪಾಪ, ನನಗ ಅವನ ಮಾರಿ ನೋಡಾಕ ಆಗಲಿಲ್ಲ. ಅತ್ತಿ ತಾಟು ಕೆಳಗಿಟ್ಟು, ಸೆರಗ ಸೊಂಟಕ್ಕ ಸಿಗಿಸಿ, "ನಡಿ," ಅಂದ್ಲು. ಬೆಕ್ಕಿಗಲ್ಲ, ನನಗ.

"ಎಲ್ಲಿಗ್ರಿ?"

"ಹೆಣ್ಣಂತೂ ಹೋತು. ಒಡ್ಡಾದ್ರೂ ಬರ್ಲಿ."

ಓಣಿ ತುಂಬಾ ಒದರಿಕೋತ ಹೊಂಟ್ಲು. "ಹೊರಗ ಬರ್ರವಾ! ನನ್ನ ಮನಿ ಬಂಡವಾಳ ಬೈಲಿಗೆ ಬಿತ್ತು, ನಿಮ್ದೂ ಬೀಳ್ಲಿ! ಇಲ್ಲಂದ್ರ ಮುಂದಿನ ಮಳಿಗೆ ಮಾಳಿಗಿ ಮ್ಯಾಲೂ ನೀರ ಹುಡುಕ್ಕೊಂಡು ಬರ್ತಾವ!" ಕೆಲವ್ರು ಬಾಗಲಾ ಹಾಕ್ಕೊಂಡ್ರು, ಕೆಲವ್ರು ಕೂಸು ಕುನ್ನಿ ಕಟಗೊಂಡು ಬೆನ್ನ ಹತ್ತಿದ್ರು. ನಾನು ನನ್ನ ಕೂಸಿನ್ನ ಬಗಲಾಗ ಇಟಗೊಂಡು ಆಕಿ ಹಿಂದ ಓಡಿದೆ.

ಚಾವಡ್ಯಾಗ ಉರ್ದುದಾಗ ಕಾಗದ ಓದಾಕತ್ತಿದ್ರು. ಹೆಂಗಸರು ಒಳಗ ಹೋಗೋ ಪದ್ಧತಿ ಇರಲಿಲ್ಲ. ಅತ್ತಿ ಹೊಸ್ತಿಲದ ಹೊರಗ ನಿಂತ್ಲು. ಆ ಗಂಟಲಕ್ಕ ಒಳಗೇನು, ಹೊರಗೇನು? "ಈಚಿ ದಂಡಿಗೆ ನೀರ್ ಬರ್ತಾವ್ರೀ ಸಾಹೇಬ್ರ! ನಾವು ಸುಳ್ಳು ಹೇಳೀವಿ!"

ಓದೋದು ನಿಂತಿತು. ತಹಸೀಲ್ದಾರ ಸಾಹೇಬ್ರಿಗೆ ಒಬ್ಬ ಮೆಂಬರ ಅದನ್ನ ಉರ್ದುದಾಗ ಹೇಳಿದ. ಸಾಹೇಬ್ರು, "ಮೊನ್ನಿ ಬರಂಗಿಲ್ಲ ಅಂದ್ರಿ, ಇವತ್ತ ಬರತೈತಿ ಅಂತೀರಿ. ಯಾವುದನ್ನ ನಂಬಬೇಕು?" ಅಂತ ಕೇಳಿಸಿದ್ರು.

"ನನ್ನ ನಂಬಬ್ಯಾಡ್ರಿ. ಓವರ್ಸೇರ ಸಾಹೇಬ್ರ ಬೆನ್ನ ನೋಡ್ರಿ."

ಓವರ್ಸೇರ ಎದ್ದು ತಿರುಗಿದ. ಅದ ಬಿಳೀ ಕೋಟು. ಎಷ್ಟ ಒಗದ್ರೂ ನಮ್ಮ ಕೆಮ್ಮಣ್ಣು ಹೋಗಿದ್ದಿಲ್ಲ, ಬೆನ್ನ ತುಂಬಾ ಕೆಂಪು ಉಳದಿತ್ತು. "ಆ ಕೆಂಪು ಎಲ್ಲಿತನಕಾ ಐತೋ ಅಲ್ಲಿತನಕಾ ನನ್ನ ಮನ್ಯಾಗ ನೀರ್ ನಿಂದ್ರತಾವ್ರಿ. ಓಣಿ ತುಂಬಾ ಹಂಗ ಬಳದೀವಿ. ನೀರಿನ ಕಲಿ ಕಾಣಬಾರದಂತ." ಮೊದಲ ಸಾಹೇಬ್ರು ನಕ್ರು. ಅವ್ರು ನಕ್ಕ ಮ್ಯಾಲ ಮೆಂಬರು ನಕ್ರು. ಓವರ್ಸೇರನೂ ನಕ್ಕ, ಒಳ್ಳೇ ಮನಷ್ಯಾ, ಸಿಟ್ಟಿಗೇಳಲಿಲ್ಲ.

ಒಬ್ಬ ಸಾಹುಕಾರ ಮಾತ್ರ, "ಪಟ್ಟಿ ತಪ್ಪಿಸಾಕ ಸುಳ್ಳ ಹೇಳಿದವ್ರು ಅನುಭವಿಸ್ಲಿ ಬಿಡ್ರಿ," ಅಂದ. ನನಗ ತಡೀಲಿಲ್ಲ. ಸೆರಗ ಮಾರಿಗೆ ಎಳಕೊಂಡು ಅತ್ತಿ ಹಿಂದಿನಿಂದ ಒದರಿದೆ: "ನೀರ್ ಬಂದವ್ರ ರೊಕ್ಕಾ ಕೊಡ್ರಿ ಅಂತ ಡಂಗುರಾ ಸಾರಿದ್ರ ಯಾವ ಊರಾಗ ನೀರ್ ಬರ್ತಾವ್ರಿ?" ಹೊರಗ ನಿಂತ ಮಂದಿ ಹೋ ಅಂದ್ರು. ಸಂತಿಗೆ ಬಂದವ್ರೂ ಕೂಡಿದ್ರು. ಅದರಾಗ ಒಬ್ಬಾವ ಮೆಲ್ಲಗ, "ನಮ್ಮ ಓಣಿಗೂ ಒಂದೀಟು ಬರ್ತಾವ್ರಿ," ಅಂದ. ಇನ್ನೊಬ್ಬ, "ನಮ್ಮಲ್ಲೂ," ಅಂದ. ಬೆಳಿಗ್ಗಿ ತನಕಾ ಒಣಗಿದ್ದ ಊರು ಮಧ್ಯಾಹ್ನ ಆಗೋದ್ರಾಗ ಮುಳುಗಾಕ ಹತ್ತಿತು!

ಅವತ್ತ ಕಾಗದ ರಾಯಚೂರಿಗೆ ಹೋಗಲಿಲ್ಲ. ಓವರ್ಸೇರ ಮತ್ತ ಸರಪಳಿ ತಗೊಂಡು ಬಂದು ಮನಿ ಮನಿ ಹೊಕ್ಕು ಕೆಂಪಿನ ಎತ್ತರಾ ಅಳದ. ಎರಡೂ ದಂಡಿಗೆ ಒಡ್ಡು ಅಂತಾತು. ಆದ್ರ ರೊಕ್ಕಾ ಸಾಲದು. ಯುದ್ಧದ ಕಾಲ, ಸಿಮೆಂಟ್ ಅನ್ನೋದು ಮಿಲಿಟರಿಯವ್ರಿಗೆ ಹೊರತು ನಮಗ ಕಣ್ಣಿಗೆ ಬೀಳತಿರಲಿಲ್ಲ. ಕಲ್ಲು ಮಾತ್ರ ನಮ್ಮೂರ ಸುತ್ತ ಗುಡ್ಡದಾಗ ಬೇಕಾದಷ್ಟು. ಕಡೀಕ ಹಿಂಗ ಒಪ್ಪಿದ್ರು: ಸರಕಾರದ ಪಾಲು ಸರಕಾರದ್ದು, ನಾಕಾ ಸುಂಕ ಒಂದೀಟು ಏರಿಸೋದು, ಪಟ್ಟಿ ಊರಿನ ಎಲ್ಲಾ ಮನಿಗೂ ಸಣ್ಣಗ ಹಾಕೋದು, ನೀರ್ ಬರೋ ಮನಿಯವ್ರು ರೊಕ್ಕದ ಬದಲಿ ಮಣ್ಣು ಹೊರೋದು, ಕಲ್ಲ ಒಡಿಯೋರಿಗೆ ಹಗೇವಿನ ಜ್ವಾಳ ಕೂಲಿ ಕೊಡೋದು. ಯಾರ ಮನಿ ಕೆಂಪು ಎತ್ತರ ಐತೋ ಅವ್ರು ಹೆಚ್ಚು ಬುಟ್ಟಿ ಹೊರಬೇಕು. ಅದನ್ನ ಕೇಳಿ ನಮ್ಮ ಓಣಿ ಒಬ್ಬಾಕಿ ಬೆಳಗಾಗೋದ್ರೊಳಗ ತನ್ನ ಗ್ವಾಡಿ ಕೆಂಪನ್ನ ಒಂದ್ ಗೇಣ ಕೆರದು ಕೆಳಗ ಇಳಿಸಿದ್ಲು. ನಮ್ಮತ್ತಿ ಹೋಗಿ, "ಏನಬೇ, ನಿಮ್ಮನ್ಯಾಗ ಹಳ್ಳ ಬಗ್ಗಿ ಬರ್ತೈತೇನು?" ಅಂತ ಓವರ್ಸೇರನ ಮುಂದ ಕೇಳಿದ್ಲು.

ಬ್ಯಾಸಿಗಿ ತುಂಬಾ ಕೆಲಸ ನಡೀತು. ವಡ್ಡರು ಕಲ್ಲು ಒಡದ್ರು, ಎತ್ತು ಕಟ್ಟಿ ಗಚ್ಚಿನ ಗಾಣ ತಿರುವಿದ್ರು, ನಾವು ಮಣ್ಣು ಹೊತ್ವಿ. ನನ್ನ ಕೂಸು ಬೇವಿನ ಗಿಡದ ನೆಳ್ಳಾಗ ಸೀರಿ ಜೋಳಗ್ಯಾಗ ಮಲಗತಿತ್ತು. ಅತ್ತಿ ಬುಟ್ಟಿ ಹೊತಗೊಂಡು ಬಂದು, "ಇಲ್ಲಿ ಕಲ್ಲ ಸಡ್ಲ ಐತಿ, ಅಲ್ಲಿ ಗಚ್ಚು ತೆಳ್ಳಗಾಗೇತಿ," ಅಂತ ಗೌಂಡಿ ಜೋಡಿ ದಿನಾ ಜಗಳ ತಗೀತಿದ್ಲು. ಯಲಬುರ್ಗಿಯಿಂದ ಏನೂ ಹೇಳಿ ಕಳಸಲಿಲ್ಲ. ಆ ಮಾತು ಮನ್ಯಾಗ ಯಾರೂ ತಗೀತಿರಲಿಲ್ಲ. ಮೈದುನ ಎಲ್ಲಾರಕಿಂತ ದೊಡ್ಡ ದೊಡ್ಡ ಕಲ್ಲ ಹೊರತಿದ್ದ.

ಮಳಿಗಾಲ ಹಿಡೀತು. ಒಂದ ದಿನ ಅದ ಮಧ್ಯಾಹ್ನದ ಹೊತ್ತು, ಬಡಗಲಾಗ ಅದ ಕಪ್ಪು. ಅತ್ತಿ ಕಿವಿಗೊಟ್ಟು, "ಬಂತು," ಅಂದ್ಲು. ಒಡ್ಡು ಕಟ್ಟಿದ್ರೇನಾತು, ಎಲ್ಲಾರೂ ಮಾಳಿಗಿ ಹತ್ತಿದ್ವಿ. ದೇವರು ಸೆರಗಿನ್ಯಾಗ, ರೊಟ್ಟಿ ಬುಟ್ಟಿ ತಲಿ ಮ್ಯಾಲ. ಈ ಸಲ ಚಟ್ನಿ, ಎಣ್ಣಿ ಅಂತ ಯಾರೂ ಕೇಳಲಿಲ್ಲ. ಹಳ್ಳ ಕೆಂಪಗ, ಗಿಡಾ ಗಂಟಿ ಹೊತಗೊಂಡು ಬಂತು. ಒಡ್ಡಿಗೆ ಬಡದು ಏರಿತು. ನಾನು ಕೂಸಿನ್ನ ಎಷ್ಟ ಬಿಗಿ ಹಿಡಿದಿದ್ನೋ, ಅದು ಅಳಾಕ ಹತ್ತಿತು. ಒಡ್ಡಿನ ನೆತ್ತಿಗೆ ಒಂದ ಮೊಳ ಉಳಿದಂಗ ನೀರು ನಿಂತ್ವು. ಏರಲಿಲ್ಲ. ತಿರವಿನ್ಯಾಗ ಹೊರಳಿ, ಆಚಿ ದಂಡಿಗೊಮ್ಮೆ ಈಚಿ ದಂಡಿಗೊಮ್ಮೆ ತಲಿ ಬಡಕೊಂಡು, ಮುಂದ ಹೊಂಟು ಹೋದ್ವು. ನಾನು ಬೆಳಕಿಂಡಿಯಿಂದ ಪಡಸಾಲಿ ಬಗ್ಗಿ ನೋಡಿದೆ. ನೆಲದ ಮ್ಯಾಲ ನಮ್ಮ ಬೆಕ್ಕು ಕುಂತು ಮೈ ನೆಕ್ಕತಿತ್ತು. ಒಂದ್ ಹನಿ ನೀರಿಲ್ಲ. ಅಲ್ಲೇ ಕುಂತು ಹೋ ಅಂತ ನಕ್ಕೆ. ಓಣಿ ಮಾಳಿಗಿ ಮ್ಯಾಲೆಲ್ಲಾ ನಗು. ಅತ್ತಿ ಮಾತ್ರ ರೊಟ್ಟಿ ಬುಟ್ಟಿ ತೊಡಿ ಮ್ಯಾಲ ಇಟಗೊಂಡು ಹೊತ್ತ ಮುಳುಗೋತನಕಾ ಹಳ್ಳಾ ನೋಡಿಕೋತ ಕುಂತಿದ್ಲು. ಎಷ್ಟ ಕರದ್ರೂ ಇಳೀಲಿಲ್ಲ.

ಮರುದಿನ ಮುಂಜಾನೆ ಚಪ್ಪಲಿ ಕೈಯಾಗ ಹಿಡಕೊಂಡು, ಮೊಣಕಾಲ ಮಟ ಕೆಸರಾದ ಒಬ್ಬ ಮನಷ್ಯಾ ಬಾಗಲಕ್ಕ ಬಂದು ನಿಂತ. ನೋಡಿದ್ರ ಯಲಬುರ್ಗಿ ಹುಡುಗಿ ಅಪ್ಪ! ಹಳ್ಳ ಬಂದಾಗ ಕಣ್ಣಾರೆ ನೋಡಬೇಕಂತ ಮಳಿ ಹಿಡಿದಾಗಿಂದ ನಮ್ಮ ಊರಾಗಿನ ಸಂಬಂಧಿಕರ ಮನ್ಯಾಗ ಬಂದು ಉಳದಿದ್ನಂತ. ಕಾಲ ತೊಳದು ಒಳಗ ಬಂದು, ನೆಟ್ಟಗ ಗ್ವಾಡಿಗೆ ಹೋಗಿ ಕೈ ಇಟ್ಟ. ಅಂಗೈ ನೋಡ್ಕೊಂಡ. ಒಣಗಿದ ಕೆಂಪು ಪುಡಿ.

"ನಿನ್ನೆ ಹಳ್ಳ ಭಾಳ ಜೋರಾಗಿ ಬಂದಿತ್ರಿ," ಅಂದ. "ಇಲ್ಲಿ ನೀರ್ ಬಂದ್ವೇನ್ರಿ?"

ಅತ್ತಿ ಬಾಯಿ ತೆರದ್ಲು. ಜೀವಮಾನ ತುಂಬಾ ಹೇಳಿದ ಮಾತದು, ನೀರ್ ಕುಡದಂಗ ಬರಬೇಕಿತ್ತು. ಬರಲಿಲ್ಲ. ತಾನೂ ಒಮ್ಮೆ ಗ್ವಾಡಿಗೆ ಅಂಗೈ ಒತ್ತಿ ನೋಡಿದ್ಲು. "ಬರಂಗಿಲ್ಲರಿ," ಅಂದ್ಲು. "ನಮ್ಮ ಓಣಿಗೆ ನೀರ್ ಬರಂಗಿಲ್ಲರಿ." ಅಷ್ಟ ಅಂದು ಸೆರಗ ಮಾರಿಗೆ ಒತ್ತಿಕೊಂಡು ಸಣ್ಣ ಹುಡುಗಿಯಂಗ ಅತ್ಲು. ಆ ಮನಷ್ಯಾ ಗಾಬರಿ ಆಗಿ ನನ್ನ ಮಾರಿ ನೋಡಿದ. ನಾನೂ ಅಳಾಕತ್ತಿದ್ದೆ, ನಾ ಏನ ಹೇಳ್ಲಿ?

ಆತ ಅವತ್ತ ಅವಲಕ್ಕಿ ತಿಂದು, ಎರಡನೇ ಸಲ ಹಾಕಿಸಿಕೊಂಡು ತಿಂದು ಹೋದ. ಹಿತ್ತಲದಾಗ ಎಮ್ಮಿ ಮೈ ತಿಕ್ಕಾಕತ್ತಿದ್ದ ಮೈದುನಗ ಹೆಣ್ಣ ಕೊಡತಾರಂತ ಸುದ್ದಿ ಹೇಳಿದಾಗ ಅವನು ಎಮ್ಮಿ ಕೊರಳಿಗೆ ಜೋತು ಬಿದ್ದ.

ಬೀಗ ಹೋದ ಮ್ಯಾಲ ಅತ್ತಿ ಮಾಳಿಗಿಗೆ ಹಚ್ಚಿದ್ದ ನಿಚ್ಚಣಿಕಿ ತಗದು ಪಡಸಾಲಿ ತೊಲಿಗೆ ಹಚ್ಚಿದ್ಲು. ನಾನು ಬ್ಯಾಡ ಬ್ಯಾಡ ಅನ್ನೋದ್ರಾಗ ಹತ್ತಿ ತೊಟ್ಟಲದ ಹಗ್ಗಕ್ಕ ಕೈ ಹಾಕಿದ್ಲು. ಗಂಟು ಆಕಿ ಅತ್ತಿ ಹಾಕಿದ್ದಂತ, ಕಲ್ಲಾಗಿತ್ತು. ಉಗರಿಂದ ಬಿಡಿಸಿದ್ಲು, ಹಲ್ಲಿಂದ ಎಳದ್ಲು. ಬಿಚ್ಚಿ, ಹಗ್ಗಾ ಉದ್ದ ಬಿಟ್ಟು, ತೊಟ್ಟಲಾ ನೆಲದಿಂದ ಒಂದ್ ಗೇಣ ಎತ್ತರಕ್ಕ ಇಳಿಸಿ ಕಟ್ಟಿದ್ಲು. ನನ್ನ ಕೈಯಾಗಿನ ಕೂಸಿನ್ನ ಕಸಗೊಂಡು ಅದರಾಗ ಮಲಗಿಸಿದ್ಲು.

"ಇಲಿ ಕಾಟ ಐತಿ ಅಂದಿದ್ರೆಲ್ರಿ ಅತ್ತಿ?" ಅಂದೆ.

"ಇಲಿ ಎಲ್ಲಾ ಮುಳುಗಿ ಸತ್ವು," ಅಂದ್ಲು. ಅಂದು, ಕಾಲ ಚಾಚಿ ನೆಲದ ಮ್ಯಾಲ ಕುಂತು, ತೊಟ್ಟಲಾ ತೂಗಿದ್ಲು. ಆ ಮನ್ಯಾಗ ಕುಂತು ತೊಟ್ಟಲಾ ತೂಗಿದ ಹೆಣಮಗಳು ಆಕಿನ ಮೊದಲು.